ನಿಮಗಿದು ಗೊತ್ತೇ? ಕ್ಯಾಂಪಿನ ಬಂಗಲೆ, ಗುಂಟೆಯ ಮನೆ

◆ ನಾಸಿಕ್ ಪಕ್ಕದ ದೇವಳಾಲಿ ಕ್ಯಾಂಪಿನಲ್ಲಿ ಅಜ್ಜನ ಕಾಲದ ಬಂಗಲೆ ಇರುವವರು ಗೋಡೆಗೆ ಮಾತ್ರ ಒಡೆಯರು, ನೆಲಕ್ಕಲ್ಲ. ಎಲ್ಲರೂ ಅಲ್ಲ, ಆದರೆ ‘ಓಲ್ಡ್ ಗ್ರಾಂಟ್’ ಬಂಗಲೆಯವರು ಹೌದು. ದಂಡು ಪ್ರದೇಶದ ಇಂಥ ಜಾಗವನ್ನು ಬ್ರಿಟಿಷ್ ಸರ್ಕಾರ ಯಾರಿಗೂ ಮಾರಲಿಲ್ಲ. ಕಟ್ಟಿಕೊಂಡು ಇರಿ ಎಂದಿತು, ಅಷ್ಟೇ. ಬಂಗಾಳ ಸೈನ್ಯದ ದಂಡುಗಳಿಗೆ 1836ರಲ್ಲಿ ಹೊರಟ ಆದೇಶದ ಪ್ರಕಾರ ಸರ್ಕಾರ ಒಂದು ತಿಂಗಳ ನೋಟಿಸು ಕೊಟ್ಟು, ಕಟ್ಟಡದ ಬೆಲೆ ತೆತ್ತು ನೆಲವನ್ನು ವಾಪಸು ಪಡೆಯಬಹುದು. ಬಾಂಬೆ ಆಧಿಪತ್ಯದ ದಂಡುಗಳೂ ಇದೇ ಜಾಡಿನಲ್ಲಿ ನಡೆದವು. ಮಾವು, ಹುಣಸೆ ಮರಗಳ ನಡುವೆ ಹೆಂಚಿನ ಬಂಗಲೆಗಳು ಇನ್ನೂ ಉಳಿದಿರುವುದಕ್ಕೆ ಪರಂಪರೆಯ ಮೇಲಿನ ಪ್ರೀತಿಗಿಂತ ಈ ಕಾಗದವೇ ದೊಡ್ಡ ಕಾರಣ. ತನ್ನದಲ್ಲದ ನೆಲದ ಮೇಲೆ ಹತ್ತು ಮಹಡಿಗೆ ಸಾಲ ಕೊಡುವ ಬ್ಯಾಂಕು ಎಲ್ಲಿದೆ?

◆ 2022ರ ಲೆಕ್ಕದಂತೆ ದೇಶದಲ್ಲಿ ರಕ್ಷಣಾ ಇಲಾಖೆಯ ಕೈಯಲ್ಲಿದ್ದ ಭೂಮಿ ಸುಮಾರು 17.99 ಲಕ್ಷ ಎಕರೆ. ಅದರಲ್ಲಿ ಆಗಿನ 62 ಕಂಟೋನ್ಮೆಂಟುಗಳ ಒಳಗಿದ್ದದ್ದು 1.61 ಲಕ್ಷ ಎಕರೆ.

◆ ದಂಡಿನ ಜಾಗಕ್ಕೂ ಜಾತಿ ಪಂಗಡಗಳಿವೆ. ಎ-1 ಎಂದರೆ ಸೈನ್ಯ ನೇರವಾಗಿ ಬಳಸುವ ನೆಲ. ಬಿ-3 ಖಾಸಗಿಯವರು ಬಂಗಲೆ ಕಟ್ಟಿಕೊಂಡಿರುವ ನೆಲ, ಬಿ-4 ಖಾಲಿ ಬಿದ್ದದ್ದು, ‘ಸಿ’ ಕಂಟೋನ್ಮೆಂಟ್ ಬೋರ್ಡಿಗೆ ಸೇರಿದ್ದು. ನೀವು ಇಣುಕಿ ನೋಡಿದ ಖಾಲಿ ಮೈದಾನ ಯಾವ ಪಂಗಡದ್ದು ಎಂಬುದರ ಮೇಲೆ ಅಲ್ಲಿ ಎಂದಾದರೂ ಒಂದು ಮನೆ ಏಳುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ.

◆ 2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ನಾಸಿಕ್ ಪಾಲಿಕೆಯ ಜನಸಂಖ್ಯೆ 10.77 ಲಕ್ಷದಿಂದ 14.86 ಲಕ್ಷಕ್ಕೆ ಏರಿತು. ನೂರಕ್ಕೆ 38ರಷ್ಟು. ಅದೇ ಹತ್ತು ವರ್ಷದಲ್ಲಿ ದೇವಳಾಲಿ ಕಂಟೋನ್ಮೆಂಟು 50 ಸಾವಿರ ಚಿಲ್ಲರೆಯಿಂದ 54 ಸಾವಿರಕ್ಕೆ ಬಂದು ನಿಂತಿತು.  ಎರಡರ ನಡುವಿನ ಗಡಿ ನಕ್ಷೆಯ ಮೇಲಿನ ಒಂದು ಗೆರೆ. ಒಂದು ಮನೆಗೆ ಐದು ಜನರಂತೆ ಲೆಕ್ಕ ಹಾಕಿದರೆ, ಹಿಂದಿದ್ದವರ ಪಾಡನ್ನು ಹಾಗೇ ಬಿಟ್ಟು ಹೊಸದಾಗಿ ಸೇರಿದವರಿಗೇ ನಾಸಿಕ್ ದಿನಕ್ಕೆ 22 ಮನೆ ಕಟ್ಟಬೇಕಿತ್ತು, ಭಾನುವಾರ ಹಬ್ಬಹರಿದಿನಕ್ಕೂ ರಜೆ ಹಾಕದೆ.

◆ ದೇವಳಾಲಿ ಸುತ್ತ ಒಂದು ಸುತ್ತು ಹಾಕಿ ಬನ್ನಿ. ಕ್ಯಾಂಪಿಗೆ ಕಂಟೋನ್ಮೆಂಟ್ ಬೋರ್ಡು. ದೇವಳಾಲಿ ಗಾಂವ್ ಮತ್ತು ನಾಸಿಕ್ ರೋಡಿಗೆ ಮಹಾನಗರಪಾಲಿಕೆ. ಸಾವರ್ಕರ್ ಹುಟ್ಟಿದ ಭಗೂರಿಗೆ ನಗರ ಪರಿಷತ್ತು. ಅದರಾಚೆ ಗ್ರಾಮ ಪಂಚಾಯಿತಿಗಳು, ಅವುಗಳ ತಲೆ ಮೇಲೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಆಟೊದಲ್ಲಿ ಅರ್ಧ ಗಂಟೆ ಕೂತರೆ ನಾಲ್ಕು ಬಗೆಯ ಆಡಳಿತ ದಾಟಿ ಹೋಗುತ್ತೀರಿ. ಒಂದೆಡೆ ಬಂಗಲೆ, ಮಾರುದೂರದಲ್ಲಿ ಏಳು ಮಹಡಿ, ಅದರ ಬೆನ್ನಿಗೆ ದ್ರಾಕ್ಷಿ ತೋಟ. ಊರು ಹೀಗೆ ಮುಗ್ಗರಿಸುತ್ತ ಬೆಳೆದದ್ದಕ್ಕೆ ಜನರ ರುಚಿ ಕಾರಣವಲ್ಲ.

◆ ಮುಂಬೈಯ ಆದರ್ಶ್ ಹಗರಣಕ್ಕೂ ದಂಡಿನ ಪಕ್ಕದ ಸಾಮಾನ್ಯ ಮನೆಗೂ ಏನು ನಂಟು? ನಂಟಿದೆ. 2010ರಲ್ಲಿ, ಕೊಲಾಬಾದ ಸೇನಾ ನೆಲೆಯ ಪಕ್ಕದಲ್ಲಿ ನಿಯಮ ಮೀರಿ ಎದ್ದಿದ್ದ ಆ 31 ಮಹಡಿಯ ಕಟ್ಟಡದ ಗುಟ್ಟು ರಟ್ಟಾಯಿತು. 2011ರ ಮೇ ತಿಂಗಳಲ್ಲಿ ರಕ್ಷಣಾ ಸಚಿವಾಲಯ ಸುತ್ತೋಲೆ ಹೊರಡಿಸಿತು: ಸೇನಾ ಆವರಣದಿಂದ 100 ಮೀಟರ್ ಒಳಗೆ ಏನೇ ಕಟ್ಟುವುದಿದ್ದರೂ, ನಾಲ್ಕು ಮಹಡಿ ಮೀರಿದ್ದಾದರೆ 500 ಮೀಟರ್ ಒಳಗೂ, ಸೇನೆಯ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಬೇಕು. 2016ರಲ್ಲಿ ಹಲವು ಠಾಣ್ಯಗಳಿಗೆ ಇದನ್ನು ಸಡಿಲಿಸಿದರು. ನಡುವಿನ ಐದು ವರ್ಷ ದೇಶದ ದಂಡುಗಳ ಸುತ್ತಲಿನ ಸೈಟುಗಳಲ್ಲಿ ಜಲ್ಲಿ ಸುರಿದವರು ಜಲ್ಲಿ ನೋಡುತ್ತ ಕೂತರು. ‘ಮನೆ ಕಟ್ಟಿ ನೋಡು’ ಎಂದು ಗಾದೆ ಹೇಳಿದ ಹಿರಿಯರು ಎನ್‌ಒಸಿ ಕಂಡವರಲ್ಲ.

◆ ದೇವಳಾಲಿ ಶುರುವಾದದ್ದೇ ತಂಗುದಾಣವಾಗಿ. ಸೇವೆ ಮುಗಿಸಿದ ಬ್ರಿಟಿಷ್ ಸಿಪಾಯಿಗಳು ಹಡಗಿನ ದಾರಿ ಕಾಯುತ್ತ ತಿಂಗಳುಗಟ್ಟಲೆ ಇಲ್ಲಿನ ಬ್ಯಾರಕ್ಕುಗಳಲ್ಲಿ ಬಿದ್ದಿರುತ್ತಿದ್ದರು. ಮುಂದೆ ಹವೆ ಬದಲಿಗೆ ಬರುವ ಮುಂಬೈಯ ಪಾರ್ಸಿ, ಗುಜರಾತಿ ಕುಟುಂಬಗಳಿಗಾಗಿ ದತ್ತಿ ಸಂಸ್ಥೆಗಳು ಸ್ಯಾನಿಟೋರಿಯಂ ಕಟ್ಟಿಸಿದವು. ದೇಶ ವಿಭಜನೆಯಾದಾಗ ಸಿಂಧಿ ನಿರಾಶ್ರಿತರಿಗೂ ಇಲ್ಲಿ ನೆಲೆ ಸಿಕ್ಕಿತು. ಇಂದು ಭಾರತೀಯ ಸೇನೆಯ ತೋಪಖಾನೆ ಶಾಲೆ ಇರುವುದು ಇಲ್ಲೇ. ಬಂದು ಹೋಗುವವರ ಲೆಕ್ಕದಲ್ಲೇ ಮೂಡಿದ ಊರು ಇದು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವರ ಮಕ್ಕಳು ಮದುವೆಯಾದರೆ ಬೇರೆ ಮನೆ ಎಲ್ಲಿ ಎಂಬ ಪ್ರಶ್ನೆ ಆ ಲೆಕ್ಕದಲ್ಲಿ ಇರಲೇ ಇಲ್ಲ.

◆ ಎಲ್ಲ ಕ್ಯಾಂಪುಗಳ ಹಣೆಬರಹ ಒಂದೇ ಆಗಲಿಲ್ಲ. ಮುಂಬೈ ಪಕ್ಕದ ಕಲ್ಯಾಣದ ಬಳಿಯ ಸೇನಾ ಶಿಬಿರದಲ್ಲಿ ಸಿಂಧಿ ನಿರಾಶ್ರಿತರನ್ನು ಇಳಿಸಿದರು. 1949ರಲ್ಲಿ ಅದು ಉಲ್ಲಾಸನಗರವಾಯಿತು. ಬ್ಯಾರಕ್ಕುಗಳ ಜಾಗದಲ್ಲಿ ಮಹಡಿಯ ಮೇಲೆ ಮಹಡಿ ಎದ್ದು, ಕೊನೆಗೆ ಅನಧಿಕೃತ ಕಟ್ಟಡಗಳನ್ನು ಸಕ್ರಮ ಮಾಡಲು ಆ ಒಂದೇ ಊರಿಗಾಗಿ 2006ರಲ್ಲಿ ಪ್ರತ್ಯೇಕ ಕಾನೂನು ತರಬೇಕಾಯಿತು. ಜನ ಈಗಲೂ ಅಲ್ಲಿ ವಿಳಾಸ ಹೇಳುವುದು ‘ಕ್ಯಾಂಪ್ 3’, ‘ಕ್ಯಾಂಪ್ 4’ ಎಂದೇ.

◆ ಕರ್ನಾಟಕದಲ್ಲಿ ಉಳಿದಿರುವ ಕಂಟೋನ್ಮೆಂಟ್ ಬೋರ್ಡು ಒಂದೇ: ಬೆಳಗಾವಿ. ಅಲ್ಲಿನವರೂ ಅದನ್ನು ‘ಕ್ಯಾಂಪ್’ ಎನ್ನುತ್ತಾರೆ. 1956ರ ನವೆಂಬರ್ 1ರವರೆಗೆ ಬೆಳಗಾವಿಯೂ ನಾಸಿಕವೂ ಒಂದೇ ಬಾಂಬೆ ಸರ್ಕಾರದ ಕೆಳಗಿದ್ದವು. ಬೆಂಗಳೂರು ದಂಡಿನ ಕತೆ ಬೇರೆ. 1809ರಲ್ಲಿ ಹುಟ್ಟಿ, 1947ರ ಜುಲೈಯಲ್ಲಿ ಮೈಸೂರಿಗೆ ಮರಳಿ, 1949ರಲ್ಲಿ ನಗರದೊಂದಿಗೆ ಬೆರೆಯಿತು. ದಂಡಿನ ಬಂಗಲೆಗಳ ಜಾಗದಲ್ಲಿ ಅಪಾರ್ಟ್‌ಮೆಂಟು ಬಂದರೆ ಊರು ಹೇಗಿರುತ್ತದೆ ಎಂದು ನೋಡಬೇಕಾದ ದೇವಳಾಲಿಯವರು ರಿಚ್ಮಂಡ್ ಟೌನಿಗೆ ಬಂದು ಹೋಗಬಹುದು.

◆ ಛತ್ರಪತಿ ಸಂಭಾಜಿನಗರವೂ (ಹಿಂದಿನ ಔರಂಗಾಬಾದ್) ನಮಗೆ ಹೊರಗಿನದಲ್ಲ. ನಿಜಾಮರ ರಾಜ್ಯದ ನಾಲ್ಕು ಸುಬಾಗಳಲ್ಲಿ ಔರಂಗಾಬಾದ್ ಒಂದು, ಗುಲ್ಬರ್ಗ ಇನ್ನೊಂದು. 1956ರಲ್ಲಿ ದಾರಿ ಕವಲಾಯಿತು. ಆದರೂ ಹೈದರಾಬಾದ್ ರಾಜ್ಯ 1954ರಲ್ಲಿ ಮಾಡಿದ ಬಾಡಿಗೆ ಕಾನೂನು ಮರಾಠವಾಡದಲ್ಲಿ ರದ್ದಾದದ್ದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಿಂದ. ರಾಜ್ಯ ಅಳಿದು ನಾಲ್ಕು ದಶಕವಾದರೂ ಅದರ ಬಾಡಿಗೆ ಚೀಟಿ ಬಾಳಿತು.

◆ ಇನ್ನು ಗುಂಟೆಯ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಸಂಭಾಜಿನಗರದ ಮನೆಗಳ ಕತೆಯಲ್ಲಿ ಅರ್ಧಭಾಗ ಇದೇ.

ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಅಂದರೆ 33 ಅಡಿಗೆ 33 ಅಡಿ. ನಮ್ಮ 30x40 ಸೈಟಿಗಿಂತ ಕೊಂಚ ಚಿಕ್ಕದು. ಊರಂಚಿನ ರೈತ ಹೊಲವನ್ನು ಗುಂಟೆ, ಅರೆಗುಂಟೆ ಲೆಕ್ಕದಲ್ಲಿ ತುಂಡರಿಸಿ ಕಾರ್ಮಿಕರಿಗೆ ಮಾರುತ್ತಾನೆ. ಅದಕ್ಕೆ ಮಹಾರಾಷ್ಟ್ರದಲ್ಲಿ ‘ಗುಂಟೇವಾರಿ’ ಎನ್ನುತ್ತಾರೆ. ಆದರೆ 1947ರ ಬಾಂಬೆ ಕಾನೂನೊಂದು ಹೊಲವನ್ನು ನಿಗದಿತ ಅಳತೆಗಿಂತ ಚಿಕ್ಕ ತುಂಡು ಮಾಡಬಾರದೆನ್ನುತ್ತದೆ. ಬೇಸಾಯ ಉಳಿಯಲಿ ಎಂಬ ಒಳ್ಳೆಯ ಉದ್ದೇಶದ್ದು. ನಡೆದದ್ದೇನೆಂದರೆ, ಮಾರಾಟ ನಿಲ್ಲಲಿಲ್ಲ, ನೋಂದಣಿ ಮಾತ್ರ ನಿಂತಿತು. ಛಾಪಾ ಕಾಗದದ ಮೇಲೆ ಬರೆದುಕೊಂಡು, ನೋಟರಿ ಮೊಹರು ಒತ್ತಿಸಿ, ಜನ ಮನೆ ಕಟ್ಟಿದರು. ನೋಂದಣಿ ಇಲ್ಲವಾದ್ದರಿಂದ ಬ್ಯಾಂಕಿನ ಸಾಲವಿಲ್ಲ, ಮಂಜೂರಾದ ನಕ್ಷೆ ಇಲ್ಲವಾದ್ದರಿಂದ ಚರಂಡಿಯಿಲ್ಲ. ಮತ ಮಾತ್ರ ಉಂಟು. ಹೀಗಾಗಿ 2001ರಲ್ಲಿ ಸಕ್ರಮದ ಕಾನೂನು ಬಂತು. 2021ರಲ್ಲಿ ತಿದ್ದುಪಡಿ ಮಾಡಿ 2020ರ ಕೊನೆಯವರೆಗಿನ ಮನೆಗಳನ್ನೂ ಸೇರಿಸಿಕೊಂಡರು. 2025ರಲ್ಲಿ ತುಂಡು ಭೂಮಿಯ ಆ ಹಳೆಯ ಕಾನೂನನ್ನೇ ಸಡಿಲಿಸಲು ಸರ್ಕಾರ ಕೈ ಹಾಕಿತು.

ನಗಬೇಡಿ. ನಮ್ಮ ರೆವಿನ್ಯೂ ಸೈಟು, ಬಿ ಖಾತಾ, 2017ರಲ್ಲಿ ಸುಪ್ರೀಂ ಕೋರ್ಟು ತಡೆದ ಅಕ್ರಮ-ಸಕ್ರಮ ಇವೆಲ್ಲ ಇದೇ ಮನೆತನದವು. ಗುಂಟೆ ಕೊಂಡವನನ್ನು ಅಕ್ರಮಿ ಎಂದು ಕರೆಯುವುದು ಸುಲಭ. ಅವನ ಸಂಬಳಕ್ಕೆ ಎಟಕುವ ಸಕ್ರಮ ಮನೆಯನ್ನು ಊರಲ್ಲಿ ಯಾರು ಕಟ್ಟಿದ್ದರು ಎಂದು ಕೇಳುವವರು ಕಡಿಮೆ.

◆ ಒಂದು ಕಾಲಕ್ಕೆ ಕಟ್ಟಿದ್ದುಂಟು. 1970ರಲ್ಲಿ ಹುಟ್ಟಿದ ಮಹಾರಾಷ್ಟ್ರ ಸರ್ಕಾರದ ಸಿಡ್ಕೊ ಸಂಸ್ಥೆಯನ್ನು ನಾವು ನವಿ ಮುಂಬೈಯ ಹೆಸರಿನೊಂದಿಗೇ ನೆನೆಯುತ್ತೇವೆ. ಅದು ನಾಸಿಕದಲ್ಲಿ ಆರು ಯೋಜನೆಗಳಲ್ಲಿ ಮನೆ ಕಟ್ಟಿತು. ಔರಂಗಾಬಾದಿನಲ್ಲಿ ಎನ್-1, ಎನ್-2 ಎಂದು ಅಂಕಿ ಹಾಕುತ್ತ ಬಡಾವಣೆಗಳನ್ನೇ ಮಾಡಿತು. ಕಾರ್ಖಾನೆ ಕೆಲಸಗಾರ, ಗುಮಾಸ್ತ, ಮೇಷ್ಟ್ರು ಕಂತಿನಲ್ಲಿ ಕೊಳ್ಳುವಂಥ ಪುಟ್ಟ ಮನೆಗಳು. ಇಂದು ಅವನ್ನು ಗುರುತು ಹಿಡಿಯಲಾರಿರಿ. ಮಗನಿಗೊಂದು ಮಹಡಿ, ಬಾಡಿಗೆಗೊಂದು ಮಹಡಿ ಎಂದು ಮೇಲಕ್ಕೇರಿವೆ, ಅನುಮತಿ ಇದ್ದೋ ಇಲ್ಲದೆಯೋ. 2006ರಲ್ಲಿ ಔರಂಗಾಬಾದಿನ ಸಿಡ್ಕೊ ಬಡಾವಣೆಗಳು ಪಾಲಿಕೆಯ ಕೈಗೆ ಹೋದವು. ಅಂಥ ಪುಟ್ಟ ಮನೆ ಕಟ್ಟುವ ಕೆಲಸವನ್ನು ಆ ಪ್ರಮಾಣದಲ್ಲಿ ಮುಂದೆ ಯಾರೂ ಕೈಗೆತ್ತಿಕೊಳ್ಳಲಿಲ್ಲ.

◆ ನಾಸಿಕ್ ರೋಡಿನಲ್ಲಿ 1928ರಿಂದ ನೋಟು ಅಚ್ಚಾಗುತ್ತಿದೆ. ಆ ಮುದ್ರಣಾಲಯ ತನ್ನ ನೌಕರರಿಗೆ ಕ್ವಾರ್ಟರ್ಸ್ ಕಟ್ಟಿತು. 1964ರಲ್ಲಿ ಓಝರ್‌ಗೆ ಬಂದ ಎಚ್‌ಎಎಲ್ ಕಾರ್ಖಾನೆ ಒಂದು ಟೌನ್‌ಶಿಪ್ಪನ್ನೇ ಕಟ್ಟಿತು. ಬೆಂಗಳೂರಿನ ಕೇಂದ್ರ ಕಚೇರಿಯ ನಂಟಿನಿಂದಾಗಿ ಕನ್ನಡದ ಮನೆಗಳಿಗೂ ಓಝರ್ ಅಪರಿಚಿತ ಹೆಸರಲ್ಲ. ಈಗಿನ ಕಾರ್ಖಾನೆಗಳು ಗುತ್ತಿಗೆ ಕಾರ್ಮಿಕರನ್ನು ತರುತ್ತವೆ, ಕ್ವಾರ್ಟರ್ಸನ್ನಲ್ಲ.

◆ ಬಜಾಜ್ ಆಟೊ 1985ರಲ್ಲಿ ಸಂಭಾಜಿನಗರದ ಪಕ್ಕದ ವಾಳೂಜಿನಲ್ಲಿ ಕಾರ್ಖಾನೆ ತೆರೆಯಿತು. ಪಕ್ಕದಲ್ಲಿ ಬಜಾಜ್‌ನಗರ ಬೆಳೆಯಿತು. ಅದರ ಗಾತ್ರ ನಗರದ್ದು, ಆಡಳಿತ ವರ್ಷಗಟ್ಟಲೆ ಗ್ರಾಮ ಪಂಚಾಯಿತಿಗಳದ್ದು.

◆ ಅದೇ ಊರಿನ ಬಳಿ ಶೇಂದ್ರಾ-ಬಿಡ್ಕಿನ್‌ನಲ್ಲಿ ಎದ್ದಿರುವ ‘ಆರಿಕ್’ ಕೈಗಾರಿಕಾ ನಗರಿಯ ವಿಸ್ತಾರ ಸುಮಾರು 10,000 ಎಕರೆ. ಯೋಜನೆಯ ಪ್ರಕಾರ ಶೇ 60 ಕೈಗಾರಿಕೆಗೆ, ಉಳಿದ ಶೇ 40 ವಸತಿ, ವಾಣಿಜ್ಯ ಮತ್ತಿತರ ಬಳಕೆಗೆ. 2019ರ ಸೆಪ್ಟೆಂಬರಿನಲ್ಲಿ ಶೇಂದ್ರಾ ಭಾಗ ಉದ್ಘಾಟನೆಯಾಯಿತು. 2024ರ ಜುಲೈ ಕೊನೆಗೆ ನಮ್ಮ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಅಲ್ಲಿ ಸುಮಾರು 20,000 ಕೋಟಿ ರೂಪಾಯಿಯ ಕಾರ್ಖಾನೆಗೆ ಮಹಾರಾಷ್ಟ್ರ ಸರ್ಕಾರದೊಂದಿಗೆ ಒಪ್ಪಂದ ಪತ್ರಕ್ಕೆ ಸಹಿ ಹಾಕಿತು. ಕಾರ್ಖಾನೆಗೆ ರಸ್ತೆ, ವಿದ್ಯುತ್ತು, ನೀರು ಮೊದಲೇ ಸಿದ್ಧ. ಅಲ್ಲಿ ಬೋಲ್ಟು ಬಿಗಿಯುವವನ ಮನೆ? ಬಹುಶಃ ಯಾವುದೋ ಹೊಲದಲ್ಲಿ, ಗುಂಟೆ ಲೆಕ್ಕದಲ್ಲಿ.

◆ ಸಂಭಾಜಿನಗರದಲ್ಲಿ ಮನೆಯ ಜೊತೆಗೇ ನೀರೂ ಬಂದ ಕಾಲವೊಂದಿತ್ತು. 1610ರಲ್ಲಿ ಖಡ್ಕಿ ಎಂಬ ಹಳ್ಳಿಯಲ್ಲಿ ಊರು ಕಟ್ಟಿದ ಮಲಿಕ್ ಅಂಬರ್, ನೆಲದಡಿಯ ಕಾಲುವೆ ತೋಡಿಸಿ ಊರಿಗೆ ನೀರು ಹರಿಸಿದ. ‘ನಹರ್-ಎ-ಅಂಬರಿ’ ಅದರ ಹೆಸರು. ನಾಲ್ಕು ಶತಮಾನದ ಬಳಿಕ ಅದೇ ಊರಿನ ಎಷ್ಟೋ ಬಡಾವಣೆಗಳಿಗೆ ನಲ್ಲಿ ನೀರು ಹಲವು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. 2019ರಲ್ಲಿ 1,680 ಕೋಟಿ ರೂಪಾಯಿಯ ಹೊಸ ನೀರಿನ ಯೋಜನೆಗೆ ಮಂಜೂರಾತಿ ಸಿಕ್ಕಿತು. ಪೈಪು ಊರು ತಲುಪುವ ಮೊದಲೇ ವೆಚ್ಚ 2,740 ಕೋಟಿಯ ಆಸುಪಾಸಿಗೆ ತಲುಪಿತು.

◆ ಆ ನೀರು ಬರುವುದು ಪೈಠಣದ ಜಾಯಕವಾಡಿ ಜಲಾಶಯದಿಂದ. ಜಾಯಕವಾಡಿಗೆ ಬರುವುದು ಗೋದಾವರಿ, ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ. ಅಲ್ಲಿಗೆ ಎರಡೂ ಊರುಗಳ ಮನೆಗಳು ಒಂದೇ ಹೊಳೆಗೆ ಕೊಡ ಹಿಡಿದಂತಾಯಿತು. ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯ ಬಳಕೆ ಸಂಗ್ರಹ ಶೇ 65 ಮುಟ್ಟದಿದ್ದರೆ ಮೇಲಿನ ನಾಸಿಕ್, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ನೀರು ಬಿಡಬೇಕೆಂಬುದು 2014ರ ನಿಯಮ. ಮಳೆ ಕೈಕೊಟ್ಟ ವರ್ಷ ಈ ನಿಯಮ ಕೋರ್ಟು ಮೆಟ್ಟಿಲೇರುತ್ತದೆ. ಕಾವೇರಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವ್ಯತ್ಯಾಸ: ಇಲ್ಲಿ ಜಗಳವಾಡುವ ಇಬ್ಬರೂ ಒಂದೇ ರಾಜ್ಯದವರು.

◆ ಮನೆ ಕೊರತೆ ಎಂದರೆ ಬೀದಿಯಲ್ಲಿ ಮಲಗುವವರ ಲೆಕ್ಕ ಎಂದುಕೊಂಡಿದ್ದೀರಾ? ಅಮಿತಾಭ್ ಕುಂಡು ಅಧ್ಯಕ್ಷತೆಯ ತಜ್ಞರ ತಂಡ 2012ರಲ್ಲಿ ದೇಶದ ನಗರಗಳ ಕೊರತೆಯನ್ನು 1.878 ಕೋಟಿ ಮನೆಗಳೆಂದು ಲೆಕ್ಕ ಹಾಕಿತು. ಅದರಲ್ಲಿ ಸೂರೇ ಇಲ್ಲದವರು 5.3 ಲಕ್ಷ ಕುಟುಂಬ. ಬರೋಬ್ಬರಿ 1.499 ಕೋಟಿ ಕುಟುಂಬಗಳಿಗೆ ಮನೆಯಿತ್ತು, ಆದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಮದುವೆಯಾದ ಜೋಡಿಗೆ ಬೇರೆ ಕೋಣೆ ಇಲ್ಲದ ಮನೆಯೂ ಈ ಪಟ್ಟಿಗೆ ಸೇರುತ್ತದೆ. ಕೊರತೆಯಲ್ಲಿ ಮಹಾರಾಷ್ಟ್ರದ ಪಾಲು 19.4 ಲಕ್ಷ, ಕರ್ನಾಟಕದ್ದು 10.2 ಲಕ್ಷ. ಕೊರತೆ ಎದುರಿಸುವವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಬಡವರು ಮತ್ತು ಕಡಿಮೆ ಆದಾಯದವರು. ‘ಲಕ್ಷುರಿ 3 ಬಿಎಚ್‌ಕೆ’ ಜಾಹೀರಾತು ನೋಡಿದಾಗ ಈ ಅಂಕಿ ನೆನಪಾದರೆ ಸಾಕು.

◆ ಅದೇ ಹೊತ್ತಿಗೆ, ಅಂದರೆ 2011ರ ಜನಗಣತಿಯಲ್ಲಿ, ದೇಶದ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.11 ಕೋಟಿ. ಖಾಲಿ ಮನೆಗಳ ಪಟ್ಟಿಯಲ್ಲೂ ಮಹಾರಾಷ್ಟ್ರವೇ ಮುಂದು. ನಾಸಿಕ್ ಸುತ್ತಿನ ಇಗತಪುರಿ, ತ್ರ್ಯಂಬಕ ರಸ್ತೆಯ ಮಗ್ಗುಲಲ್ಲಿ ಮುಂಬೈಯವರ ಶನಿವಾರ-ಭಾನುವಾರದ ಮನೆಗಳಿವೆ. ದೇವಳಾಲಿಯ ಸ್ಯಾನಿಟೋರಿಯಂಗಳ ಮೊಮ್ಮಕ್ಕಳು ಎನ್ನಬೇಕು. ಸ್ಯಾನಿಟೋರಿಯಂ ಕೋಣೆ ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಸಿಗುತ್ತಿತ್ತು, ಇವು ಸಿಗುವುದಿಲ್ಲ.

◆ ಖಾಲಿ ಬಿಡುವ ಬದಲು ಬಾಡಿಗೆಗೆ ಕೊಡಬಾರದೇ? ಭಯ. 1947ರ ಬಾಂಬೆ ಬಾಡಿಗೆ ಕಾಯ್ದೆ ಎಷ್ಟೋ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು. ಬಾಡಿಗೆದಾರ ತಲೆಮಾರುಗಟ್ಟಲೆ ಕೂತ, ಮಾಲೀಕ ರಿಪೇರಿ ನಿಲ್ಲಿಸಿದ. 1961ರಲ್ಲಿ ದೇಶದ ನಗರವಾಸಿ ಕುಟುಂಬಗಳಲ್ಲಿ ಶೇ 54 ಬಾಡಿಗೆ ಮನೆಯಲ್ಲಿದ್ದವು. 2011ಕ್ಕೆ ಅದು ಶೇ 28ಕ್ಕೆ ಇಳಿಯಿತು. ಎಲ್ಲರೂ ಶ್ರೀಮಂತರಾಗಿ ಮನೆ ಕೊಂಡರೆಂದು ಇದರರ್ಥವಲ್ಲ. ಗುಂಟೆಯ ಮೇಲಿನ ತಗಡಿನ ಮನೆಯೂ ಲೆಕ್ಕದಲ್ಲಿ ‘ಸ್ವಂತ’ವೇ.

◆ ಮಹಾರಾಷ್ಟ್ರದಲ್ಲಿ ಹತ್ತು ಲಕ್ಷ ಮೀರಿದ ಊರುಗಳಲ್ಲಿ 4,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಕಟ್ಟುವ ಬಿಲ್ಡರ್ ಶೇ 20 ಭಾಗವನ್ನು ಬಡವರಿಗೂ ಕಡಿಮೆ ಆದಾಯದವರಿಗೂ ಮೀಸಲಿಡಬೇಕು. ಆ ಮನೆಗಳನ್ನು ವಸತಿ ಪ್ರಾಧಿಕಾರ ‘ಮ್ಹಾಡಾ’ ಲಾಟರಿ ಎತ್ತಿ ಹಂಚುತ್ತದೆ. 4,000 ಚದರ ಮೀಟರ್ ಎಂದರೆ ಎಕರೆಗೆ ಒಂದು ಗುಂಟೆ ಕಡಿಮೆಯೂ ಅಲ್ಲ, ಅರೆಗುಂಟೆಯಷ್ಟು ಕಡಿಮೆ. ಕಾನೂನು ಬಂದ ಮೇಲೆ ಜಾಗಗಳೇ ಕುಗ್ಗಿದವು ಎಂಬ ಆರೋಪ ನಾಸಿಕ್‌ನಲ್ಲಿ ಮತ್ತೆ ಮತ್ತೆ ಎದ್ದಿದೆ. ಒಂದೇ ಜಮೀನನ್ನು ಕಾಗದದಲ್ಲಿ ಎರಡು ಮೂರು ತುಂಡು ಮಾಡಿ, ಪ್ರತಿ ತುಂಡೂ 4,000ದ ಕೆಳಗೇ ಇರುವಂತೆ ತೋರಿಸುವುದು. 2022ರಲ್ಲಿ ಈ ಮನೆಗಳ ವಿಷಯಕ್ಕೆ ರಾಜ್ಯದ ವಿಧಾನಮಂಡಲದಲ್ಲೇ ಗದ್ದಲವಾಯಿತು. ಬಡವ ಹೊಲ ತುಂಡು ಮಾಡಿದರೆ ಗುಂಟೇವಾರಿ, ಬಿಲ್ಡರ್ ಮಾಡಿದರೆ ಲೇಔಟ್ ಪ್ಲಾನಿಂಗು.

◆ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) ಬಡವರ ಮನೆಗೆ ಮೊದಲು ನಿಗದಿ ಮಾಡಿದ್ದ ಮಿತಿ 30 ಚದರ ಮೀಟರ್ ಕಾರ್ಪೆಟ್ ಏರಿಯಾ. 323 ಚದರಡಿ. ನಮ್ಮ ಲೆಕ್ಕದಲ್ಲಿ ಮೂರೂಕಾಲು ಚದರ.

◆ ಮನೆ ಕೊಳ್ಳುವವರ ರಕ್ಷಣೆಗೆಂದು ಬಂದ ರೇರಾ ಕಾನೂನು ಎಲ್ಲ ಕಟ್ಟಡಕ್ಕೂ ಕಾವಲಲ್ಲ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟುಗಳು ಎಂಟು ಮೀರದಿದ್ದರೆ ನೋಂದಣಿ ಕಡ್ಡಾಯವಿಲ್ಲ. ಕಡಿಮೆ ಬೆಲೆಯ ಫ್ಲ್ಯಾಟು ಹುಡುಕುವವರು ಹೋಗಿ ನಿಲ್ಲುವುದು ಹೆಚ್ಚಾಗಿ ಇಂಥ ಚಿಕ್ಕ ಕಟ್ಟಡದ ಮುಂದೆಯೇ.

◆ ಹನ್ನೆರಡು ವರ್ಷಕ್ಕೊಮ್ಮೆ ನಾಸಿಕ್ ಲಕ್ಷಾಂತರ ಜನರಿಗೆ ತಿಂಗಳೊಪ್ಪತ್ತಿನಲ್ಲಿ ಸೂರು ಮಾಡಿಕೊಡುತ್ತದೆ. ಸಿಂಹಸ್ಥ ಕುಂಭಮೇಳಕ್ಕೆ ತಪೋವನದಲ್ಲಿ ಸಾಧುಗ್ರಾಮ ಏಳುತ್ತದೆ: ರಸ್ತೆ, ನೀರು, ಶೌಚಾಲಯ, ದೀಪ ಎಲ್ಲವೂ. 2027ರ ಮೇಳಕ್ಕಾಗಿ ಅಲ್ಲಿನ ಮರಗಳಿಗೆ ಕೊಡಲಿ ಬೀಳುತ್ತದೆಂದು ತಿಳಿದು 2025ರ ಕೊನೆಯಲ್ಲಿ ನಾಸಿಕ್ ಜನ ಬೀದಿಗಿಳಿದರು. ಮನಸ್ಸು ಮಾಡಿದರೆ ಪಾಲಿಕೆಗೆ ಊರು ಕಟ್ಟಲು ಬರುತ್ತದೆ ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

◆ 2023ರ ಏಪ್ರಿಲಿನಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟನ್ನು ರದ್ದು ಮಾಡಿದರು. ಈ ಸಲದ ಸರಣಿಯಲ್ಲಿ ಅದು ಮೊದಲನೆಯದು. ಮುಂದಿನ ವರ್ಷ ಇನ್ನೂ ಹತ್ತು ಕಂಟೋನ್ಮೆಂಟುಗಳ ನಾಗರಿಕ ಪ್ರದೇಶವನ್ನು ಹೊರಗಿಡುವ ಕರಡು ಅಧಿಸೂಚನೆಗಳು ಬಂದವು. ಆ ಪಟ್ಟಿಯಲ್ಲಿ ದೇವಳಾಲಿಯೂ ಇದೆ. ಹಾಗಾದರೆ ನಾಳೆಯೇ ಬಂಗಲೆಗಳ ಜಾಗದಲ್ಲಿ ಗೋಪುರಗಳೇ? ಅಷ್ಟು ಸಲೀಸಲ್ಲ. ಬೀದಿ, ಚರಂಡಿ, ಆಸ್ಪತ್ರೆಯಂಥ ಪೌರ ಸೇವೆಯ ಆಸ್ತಿಗಳು ರಾಜ್ಯಕ್ಕೆ ಉಚಿತವಾಗಿ ಹೋಗುತ್ತವೆ. ನೆಲದ ಹಕ್ಕು ಎಲ್ಲೆಲ್ಲಿ ಕೇಂದ್ರದ್ದೋ ಅಲ್ಲಿ ಕೇಂದ್ರದ ಬಳಿಯೇ ಉಳಿಯುತ್ತದೆ. ಆಡಳಿತ ಬದಲಾಗಬಹುದು, ಓಲ್ಡ್ ಗ್ರಾಂಟ್ ಬದಲಾಗದು.

◆ ಕಂಟೋನ್ಮೆಂಟ್ ಬೋರ್ಡುಗಳ ಚುನಾವಣೆಯನ್ನು 2023ರ ಏಪ್ರಿಲ್ 30ಕ್ಕೆ ನಿಗದಿ ಮಾಡಿ, ಮಾರ್ಚಿನಲ್ಲೇ ರದ್ದುಗೊಳಿಸಿದರು. ಮನೆ ಕಟ್ಟುವ ಅನುಮತಿಗಾಗಿ ಜಗಳವಾಡಲೂ ಅಲ್ಲಿನವರಿಗೆ ಆರಿಸಿದ ಸದಸ್ಯರಿಲ್ಲ.

◆ ಕೊನೆಯದಾಗಿ, ನಿವೃತ್ತಿಯ ಬಳಿಕ ದೇವಳಾಲಿ ಕ್ಯಾಂಪಿನ ತಂಪು ಹವೆಯಲ್ಲಿ ಒಂದು ಮನೆ ಕೊಳ್ಳುವ ಆಸೆ ಇದ್ದವರಿಗೆ. ನಮ್ಮಲ್ಲಿ ಪಹಣಿ ಕೇಳುವಂತೆ ಮಹಾರಾಷ್ಟ್ರದಲ್ಲಿ ‘ಸಾತ್‌ಬಾರಾ’ ಕೇಳುತ್ತಾರೆ. ಕ್ಯಾಂಪಿನೊಳಗೆ ಅದನ್ನು ಕೇಳಿ ಪ್ರಯೋಜನವಿಲ್ಲ. ಅಲ್ಲಿ ನೋಡಬೇಕಾದ್ದು ಜನರಲ್ ಲ್ಯಾಂಡ್ ರಿಜಿಸ್ಟರ್, ಅಂದರೆ ‘ಜಿಎಲ್‌ಆರ್’. ಅದರಲ್ಲಿ ಜಾಗ ಯಾವ ವರ್ಗದ್ದು, ಮಾಲೀಕತ್ವ ಯಾರದು, ಹಿಡಿದಿರುವವರು ಯಾರು ಎಂಬುದು ಬೇರೆ ಬೇರೆ ಕಾಲಮಿನಲ್ಲಿರುತ್ತದೆ. ಮುಂಗಡ ಕೊಡುವ ಮೊದಲು ಮಾಲೀಕತ್ವದ ಕಾಲಮನ್ನು ಓದಿ. ಹಿಡಿದಿರುವವರ ಹೆಸರು ನಿಮಗೆ ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ.